ಹಲ್ಲು ಕಿತ್ತರೆ ಕಣ್ಣಿಗೆ ಕುತ್ತೇ?

'ಮೇಲಿನ ಹಲ್ಲು ಮಾತ್ರ ಕೀಳಿಸಬೇಡ, ಕಣ್ಣಿನ ನರ ಹೋಗುತ್ತದೆ.' ದಂತವೈದ್ಯರ ಬಳಿಗೆ ಹೊರಟವರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುವ ಈ ಮಾತು ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೇಳುವವರು ಮನೆಯ ಹಿರಿಯರು. ಹೇಳುವುದು ಕಾಳಜಿಯಿಂದಲೇ. ಕೇಳಿದವರು ಹಲ್ಲಿನ ಸಂದಿಗೆ ಲವಂಗ ಒತ್ತಿ, ಕೆನ್ನೆಗೆ ಕೈಕೊಟ್ಟು ಇನ್ನೊಂದು ವಾರ ತಳ್ಳುತ್ತಾರೆ. ವಾರ ತಿಂಗಳಾಗುತ್ತದೆ. ಈ ನಡುವೆ ನೋವು ತಾನಾಗಿಯೇ ನಿಂತರಂತೂ 'ವಾಸಿಯಾಯಿತು' ಎಂದು ನೆಮ್ಮದಿಪಡುವವರೇ ಹೆಚ್ಚು. ಅನೇಕ ಸಲ ನೋವು ನಿಲ್ಲುವುದು ರೋಗ ಗುಣವಾಗಿ ಅಲ್ಲ, ಹಲ್ಲಿನೊಳಗಿನ ನರ ಸತ್ತುಹೋದದ್ದರಿಂದ. ಅದು ತಿಳಿಯುವಷ್ಟರಲ್ಲಿ ಕೆನ್ನೆ ಊದಿಕೊಂಡಿರುತ್ತದೆ.

ಹಲ್ಲಿಗೂ ಕಣ್ಣಿಗೂ ನಂಟು ಹಾಕುವ ಈ ಭಯ ಎಲ್ಲಿಂದ ಬಂತು? ಅಜ್ಜಿಯರ ಕಟ್ಟುಕಥೆ ಎಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇದನ್ನು ಬರೆದಿಟ್ಟವರು ಅಜ್ಜಿಯರಲ್ಲ, ತಮ್ಮ ಕಾಲದ ವೈದ್ಯಗ್ರಂಥಕಾರರು. ಒಬ್ಬರು ನಮ್ಮ ದೇಶದವರು, ಇನ್ನೊಬ್ಬರು ರೋಮ್ ಸಾಮ್ರಾಜ್ಯದವರು. ಅವರು ಹಾಗೇಕೆ ಹೇಳಿದರು, ಮುಂದೆ ಏನೇನು ಬದಲಾಯಿತು ಎಂಬುದನ್ನು ನೋಡುತ್ತ ಹೋದರೆ ಹಲ್ಲು ಕೀಳುವ ಕೆಲಸದ ಇಡೀ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಸುಶ್ರುತನ ಎಚ್ಚರಿಕೆ

ಪ್ರಾಚೀನ ಭಾರತದ ಶಸ್ತ್ರಚಿಕಿತ್ಸೆಯ ಮೂಲಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳನ್ನು 65 ಬಗೆಯಾಗಿ ವಿಂಗಡಿಸಲಾಗಿದೆ. ಹರಿತವಾದ ಶಸ್ತ್ರಗಳ ಪಟ್ಟಿಯಲ್ಲಿ 'ದಂತಶಂಕು' ಎಂಬ ಹಲ್ಲಿನ ಉಪಕರಣವೂ ಇದೆ. ಹುಳುಕು ಹಿಡಿದು ಅಲ್ಲಾಡುವ ಹಲ್ಲನ್ನು ಕಿತ್ತು ಆ ಜಾಗವನ್ನು ಸುಡಬೇಕು. ಸಾಲು ಮೀರಿ ಹೆಚ್ಚುವರಿಯಾಗಿ ಮೂಡಿದ ಹಲ್ಲಿಗೂ ಅದೇ ಕ್ರಮ ಎಂದು ಗ್ರಂಥ ವಿಧಿಸುತ್ತದೆ. ಸುಡುವುದು ಕ್ರೌರ್ಯವೆನಿಸಬಹುದು. ಆದರೆ ರಕ್ತ ನಿಲ್ಲಿಸಲು ಅಂದಿನ ವೈದ್ಯನಿಗಿದ್ದ ನೆಚ್ಚಿನ ಉಪಾಯ ಅದೇ ಆಗಿತ್ತು.

ಇಷ್ಟೆಲ್ಲ ಹೇಳಿದ ಸುಶ್ರುತ ಮೇಲಿನ ಸಾಲಿನ ಹಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಕೈ ಹಿಂದೆಗೆಯುತ್ತಾನೆ. ಗಟ್ಟಿಯಾಗಿ ಬೇರೂರಿದ ಮೇಲಿನ ಹಲ್ಲನ್ನು ಕಿತ್ತರೆ ರಕ್ತ ವಿಪರೀತವಾಗಿ ಹರಿಯುತ್ತದೆ, ಅದರಿಂದ ಕಣ್ಣು ಹೋಗಬಹುದು, ಮುಖ ಸೊಟ್ಟಗಾಗುವ ಅರ್ದಿತ ರೋಗ ಬರಬಹುದು. ಆದ್ದರಿಂದ ಅಲ್ಲಾಡುತ್ತಿದ್ದರೂ ಮೇಲಿನ ಹಲ್ಲನ್ನು ವೈದ್ಯನು ಕೀಳಬಾರದು ಎಂಬುದು ಅವನ ಎಚ್ಚರಿಕೆ. ನಮ್ಮ ಹಿರಿಯರು ಇಂದು ಆಡುವ ಮಾತಿನ ತಿರುಳು ಇದೇ ಅಲ್ಲವೇ?

ಕ್ರಿ.ಶ. ಒಂದನೇ ಶತಮಾನದ ರೋಮ್‌ನಲ್ಲಿ ಸೆಲ್ಸಸ್ ಎಂಬಾತ ಬರೆದ ವೈದ್ಯಗ್ರಂಥದಲ್ಲೂ ಇಂಥದೇ ಎಚ್ಚರಿಕೆ ಇದೆ. ಮೇಲಿನ ಹಲ್ಲು ಕೀಳುವಾಗ ಅಪಾಯ ಹೆಚ್ಚು, ಆ ಅಲುಗಾಟದ ಪೆಟ್ಟು ಕಪಾಲಕ್ಕೂ ಕಣ್ಣಿಗೂ ತಗಲಬಹುದು ಎಂದು ಆತ ಹೇಳುತ್ತಾನೆ. ಸೆಲ್ಸಸ್‌ನ ವಿಧಾನ ಬಹಳ ಜಾಗರೂಕತೆಯದು. ಮೊದಲು ಹಲ್ಲಿನ ಸುತ್ತಲಿನ ಒಸಡನ್ನು ಬಿಡಿಸಬೇಕು. ಹಲ್ಲು ಸಡಿಲವಾಗುವವರೆಗೆ ಅಲ್ಲಾಡಿಸಬೇಕು. ಸಾಧ್ಯವಾದರೆ ಬೆರಳಿನಿಂದಲೇ ತೆಗೆಯಬೇಕು, ಆಗದಿದ್ದರೆ ಮಾತ್ರ ಇಕ್ಕಳ ಹಿಡಿಯಬೇಕು. ಹಲ್ಲು ಟೊಳ್ಳಾಗಿದ್ದರೆ ಇಕ್ಕಳದ ಹಿಡಿತಕ್ಕೆ ಪುಡಿಯಾಗದಂತೆ ಆ ತೂತಿಗೆ ಮೊದಲು ನಾರನ್ನೋ ಸೀಸವನ್ನೋ ತುಂಬಬೇಕು. ಕಿತ್ತ ಮೇಲೆ ರಕ್ತ ಬಹಳ ಹರಿದರೆ ಮೂಳೆ ಮುರಿದಿದೆಯೆಂದು ತಿಳಿಯಬೇಕು.

ಈ ಇಬ್ಬರ ಭಯಕ್ಕೂ ಆಧಾರವಿತ್ತು. ಮೇಲಿನ ದವಡೆ ಹಲ್ಲುಗಳಿಗೆ ಸಾಮಾನ್ಯವಾಗಿ ಮೂರು ಬೇರು. ಅವುಗಳ ತುದಿಗೆ ತಾಗಿಕೊಂಡಂತೆ ಕೆನ್ನೆಯ ಮೂಳೆಯೊಳಗೆ ಗಾಳಿ ತುಂಬಿದ ಒಂದು ಪೊಳ್ಳು ಇದೆ. ವೈದ್ಯರು ಅದನ್ನು ಸೈನಸ್ ಎನ್ನುತ್ತಾರೆ. ಅದರ ಮೇಲೆಯೇ ಕಣ್ಣಿನ ಗೂಡು. ಬೇರಿಗೂ ಪೊಳ್ಳಿಗೂ ನಡುವೆ ಇರುವುದು ಅನೇಕರಲ್ಲಿ ಕಾಗದದಷ್ಟು ತೆಳುವಾದ ಮೂಳೆ. ಕ್ಷ-ಕಿರಣವಿಲ್ಲದ, ಅರಿವಳಿಕೆಯಿಲ್ಲದ, ಉಪಕರಣವನ್ನು ಕುದಿಸಿ ಬಳಸಬೇಕೆಂಬ ಅರಿವೂ ಇಲ್ಲದ ಕಾಲದಲ್ಲಿ ಆ ಜಾಗಕ್ಕೆ ಕೈ ಹಾಕಿದರೆ ಮೂಳೆ ಒಡೆದು, ಕೀವು ತುಂಬಿ, ಊತ ಕಣ್ಣಿಗೇರಿದ ರೋಗಿಗಳನ್ನು ಅವರು ಕಂಡಿರಬೇಕೆಂದು ಊಹಿಸಬಹುದು.

ಹುಳು ಹುಡುಕಿದವರು

ಹಲ್ಲು ಕೆಡುವುದೇಕೆ ಎಂಬ ಪ್ರಶ್ನೆಗೆ ಸಾವಿರಾರು ವರ್ಷ ಜಗತ್ತಿನ ನಾನಾ ಕಡೆ ಇದ್ದ ಉತ್ತರ ಒಂದೇ: ಹುಳು. ಬ್ಯಾಬಿಲೋನಿಯಾದ ಮಣ್ಣಿನ ಫಲಕವೊಂದರಲ್ಲಿ ಹಲ್ಲಿನ ಹುಳುವನ್ನು ಓಡಿಸುವ ಮಂತ್ರವಿದೆ. ಸುಶ್ರುತ ಈ ರೋಗವನ್ನು 'ಕ್ರಿಮಿದಂತಕ' ಎಂದು ಕರೆದ. ನಮ್ಮ ಕನ್ನಡದ 'ಹುಳುಕು ಹಲ್ಲು' ಎಂಬ ಮಾತಿನೊಳಗೂ ಆ ಹುಳು ಇಂದಿಗೂ ಅಡಗಿ ಕೂತಿದೆ!

ಹುಳುವೇ ಕಾರಣವೆಂದ ಮೇಲೆ ಅದನ್ನು ಹೊರಗೆಳೆಯುವವರೂ ಹುಟ್ಟಿಕೊಂಡರು. ಯುರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಬಾಯಿಗೆ ಹೊಗೆ ಕೊಡುತ್ತಿದ್ದರು. ನಮ್ಮಲ್ಲಿ ನೆಲಗುಳ್ಳದ ಬೀಜದ ಹೊಗೆ ಕೊಡುವ ರೂಢಿಯಿತ್ತು. ಕಾವಿಗೆ ಬೀಜ ಸಿಡಿದು ಅದರ ಎಳೆಯ ಮೊಳಕೆ ಬಿಳಿ ಹುಳುವಿನಂತೆ ಹೊರಬೀಳುತ್ತಿತ್ತು. 'ನೋಡಿ, ಹುಳು ಬಿತ್ತು' ಎಂದು ತೋರಿಸಿದರೆ ನಂಬದವರು ಯಾರು? ಹೊಗೆಯಲ್ಲಿದ್ದ ಮಂಪರು ಗುಣದಿಂದ ನೋವು ಸ್ವಲ್ಪ ಹೊತ್ತು ತಗ್ಗಿದರಂತೂ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಈ ಹುಳುವಿಗೆ ಮೊದಲ ಬಲವಾದ ಪೆಟ್ಟು ಕೊಟ್ಟವನು ಫ್ರಾನ್ಸಿನ ಪಿಯರ್ ಫೋಶಾರ್. ಆಧುನಿಕ ದಂತವೈದ್ಯದ ಪಿತಾಮಹನೆಂದು ಹೆಸರಾದ ಈತ 1728ರಲ್ಲಿ ಪ್ರಕಟಿಸಿದ ತನ್ನ ಹೆಬ್ಬೊತ್ತಿಗೆಯಲ್ಲಿ, ಕೆಟ್ಟ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಹುಡುಕಿದರೂ ಹುಳು ಕಾಣಲಿಲ್ಲವೆಂದು ಬರೆದ. ನಿಜವಾದ ಅಪರಾಧಿ ಸಿಕ್ಕಿದ್ದು ಇನ್ನೂ ಒಂದೂವರೆ ಶತಮಾನ ಕಳೆದ ಮೇಲೆ. ಬರ್ಲಿನ್‌ನಲ್ಲಿ ನೆಲೆಸಿದ್ದ ಅಮೆರಿಕದ ಡಬ್ಲ್ಯು.ಡಿ. ಮಿಲ್ಲರ್ 1890ರಲ್ಲಿ ಹೊರತಂದ ಗ್ರಂಥದಲ್ಲಿ, ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿ ಮತ್ತು ಪಿಷ್ಟ ಪದಾರ್ಥಗಳನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದ. ಹುಳು ಇರಲಿಲ್ಲ, ಆದರೆ ಕಣ್ಣಿಗೆ ಕಾಣದ ಜೀವಿಯಂತೂ ಇತ್ತು. ಹಳಬರ ಊಹೆ ಪೂರ್ತಿ ಸುಳ್ಳೂ ಆಗಿರಲಿಲ್ಲ ಎನ್ನಲಡ್ಡಿಯಿಲ್ಲ.

ಸಂತೆಯಲ್ಲಿ ಹಲ್ಲು, ಅರಮನೆಯಲ್ಲಿ ಹಲ್ಲು

ಇಷ್ಟು ತಿಳಿಯುವ ಮೊದಲಿನ ಶತಮಾನಗಳಲ್ಲಿ ಹಲ್ಲುನೋವಿಗೆ ಇದ್ದ ಕೊನೆಯ ಮದ್ದು ಕೀಳುವುದೊಂದೇ. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಪಂಡಿತ ವೈದ್ಯರಲ್ಲ, ಕ್ಷೌರಿಕರು ಮತ್ತು ಸಂತೆಯ ಹಲ್ಲುಕೀಳುವವರು. ಇಂಗ್ಲೆಂಡಿನಲ್ಲಿ 1540ರಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘವಾಗಿ ಸೇರಿಸಿದಾಗ, ಕ್ಷೌರಿಕರು ಬೇರೆ ಶಸ್ತ್ರಚಿಕಿತ್ಸೆ ಮಾಡಬಾರದು, ಹಲ್ಲು ಕೀಳಬಹುದು ಎಂದು ಕಾನೂನೇ ಹೇಳಿತು. 1745ರಲ್ಲಿ ಇಬ್ಬರೂ ಬೇರೆಯಾದರು.

ಪ್ಯಾರಿಸ್ಸಿನ ಪಾಂ ನ್ಯೂಫ್ ಸೇತುವೆಯ ಮೇಲೆ 18ನೇ ಶತಮಾನದ ಮೊದಲರ್ಧದಲ್ಲಿ 'ಮಹಾ ಥಾಮಸ್' ಎಂಬ ಭಾರೀ ಆಳು ಗಾಡಿಯ ಮೇಲೆ ನಿಂತು ಜನಜಂಗುಳಿಯ ನಡುವೆ ಹಲ್ಲು ಕೀಳುತ್ತಿದ್ದ. ಇಂಥವರ ಸುತ್ತ ಡೋಲು, ತುತ್ತೂರಿಗಳ ಅಬ್ಬರ ಇರುತ್ತಿತ್ತು. ಜನ ಸೇರಿಸಲು ಅದು ಬೇಕಿತ್ತು, ರೋಗಿಯ ಕೂಗು ಮುಂದಿನ ಗಿರಾಕಿಯ ಕಿವಿಗೆ ಬೀಳದಿರಲೂ ಬೇಕಿತ್ತು! ರಷ್ಯಾದ ಚಕ್ರವರ್ತಿ ಪೀಟರ್‌ಗೆ ಹಲ್ಲು ಕೀಳುವುದೇ ಹವ್ಯಾಸ. ಆಸ್ಥಾನಿಕರಿಗೆ ಹಲ್ಲುನೋವೆಂದು ತಿಳಿದರೆ ತಾನೇ ಇಕ್ಕಳ ಹಿಡಿದು ಬರುತ್ತಿದ್ದ. ಅವನು ಕಿತ್ತ ಹಲ್ಲುಗಳ ಸಂಗ್ರಹ ಸೇಂಟ್ ಪೀಟರ್ಸ್‌ಬರ್ಗ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.

ಉಪಕರಣಗಳೂ ಭಯಂಕರವೇ. 14ನೇ ಶತಮಾನದಿಂದ ಬಳಕೆಯಲ್ಲಿದ್ದ 'ಪೆಲಿಕನ್' ಎಂಬ ಸಾಧನಕ್ಕೆ ಆ ಹೆಸರು ಬಂದದ್ದು ಹೆಜ್ಜಾರ್ಲೆ ಹಕ್ಕಿಯ ಕೊಕ್ಕಿನಂಥ ಆಕಾರದಿಂದ. 18ನೇ ಶತಮಾನದಲ್ಲಿ ಬಂದ 'ಹಲ್ಲಿನ ಕೀಲಿಕೈ' ಬಾಗಿಲಿನ ಬೀಗದ ಕೈಯಂತೆಯೇ ಇತ್ತು. ಅದರ ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ ಬೀಗ ತೆರೆದಂತೆ ತಿರುಚುತ್ತಿದ್ದರು. ಹಲ್ಲು ಮೇಲಕ್ಕೆ ಬರುವ ಬದಲು ಪಕ್ಕಕ್ಕೆ ಮುರಿಯುವುದು, ಜೊತೆಗೆ ದವಡೆಯ ತುಂಡೂ ಕಿತ್ತುಬರುವುದು ಸಾಮಾನ್ಯವಾಗಿತ್ತು. 1840ರ ಸುಮಾರಿಗೆ ಲಂಡನ್ನಿನ ಜಾನ್ ಟೋಮ್ಸ್ ಒಬ್ಬ ನುರಿತ ಕುಶಲಕರ್ಮಿಯ ನೆರವಿನಿಂದ ಪ್ರತಿಯೊಂದು ಬಗೆಯ ಹಲ್ಲಿನ ಕತ್ತಿಗೂ ಹೊಂದುವಂಥ ಬೇರೆ ಬೇರೆ ಇಕ್ಕಳಗಳನ್ನು ಮಾಡಿಸಿದ. ಇಂದು ದಂತವೈದ್ಯರ ತಟ್ಟೆಯಲ್ಲಿ ಕಾಣುವ ಇಕ್ಕಳಗಳು ಅವುಗಳ ಸಂತತಿಯೇ.

ಹಣ, ಅಧಿಕಾರಗಳಿದ್ದರೂ ಈ ಸಂಕಟದಿಂದ ಪಾರಾಗುವ ಹಾಗಿರಲಿಲ್ಲ. ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ 1685ರಲ್ಲಿ ಎಡಬದಿಯ ಮೇಲಿನ ಹಲ್ಲುಗಳನ್ನು ಕೀಳಲಾಯಿತು. ಜೊತೆಗೆ ದವಡೆಯ ಮೂಳೆಯೂ ಮುರಿದು ಬಂದು ಬಾಯಿಗೂ ಮೂಗಿಗೂ ದಾರಿಯಾಯಿತು. ದೊರೆ ನೀರು ಕುಡಿದರೆ ಮೂಗಿನಿಂದ ಕಾರಂಜಿಯಂತೆ ಹೊರಬರುತ್ತಿತ್ತೆಂದು ಅವನ ವೈದ್ಯನೇ ದಾಖಲಿಸಿದ್ದಾನೆ. ಆ ತೂತು ಮುಚ್ಚಲು ಕಾದ ಕಬ್ಬಿಣದಿಂದ ಹಲವು ಸಲ ಸುಡಬೇಕಾಯಿತು. ವರ್ಸೇಲ್ಸಿನ ವೈಭವದ ನಡುವೆ ಕೂತ 'ಸೂರ್ಯ ಚಕ್ರವರ್ತಿ'ಗೆ ಆದದ್ದು ಸುಶ್ರುತ ಮತ್ತು ಸೆಲ್ಸಸ್ ಹೆದರಿದ್ದ ಅನಾಹುತದ ಒಂದು ರೂಪವೇ. ಅಪಾಯ ಮೇಲಿನ ಹಲ್ಲಿನಲ್ಲಿತ್ತು ನಿಜ. ಆದರೆ ಪೆಟ್ಟು ಬಿದ್ದದ್ದು ಕಣ್ಣಿಗಲ್ಲ, ನಡುವಿನ ಆ ಪೊಳ್ಳಿಗೆ.

ನಗೆ ಅನಿಲ, ಅಳುವ ಕಥೆ

ಹಲ್ಲುಕುರ್ಚಿಯ ಭಯಕ್ಕೆ ಮುಖ್ಯ ಕಾರಣ ನೋವು. ಆ ನೋವನ್ನು ಗೆಲ್ಲುವ ದಾರಿಯನ್ನು ಇಡೀ ವೈದ್ಯಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಇಬ್ಬರು ಹಲ್ಲು ಕೀಳುವವರೇ ಎಂಬುದು ಗಮನಾರ್ಹ.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕೋಲ್ಟನ್ ಎಂಬಾತ ನಗೆ ಅನಿಲದ ಪ್ರದರ್ಶನ ಏರ್ಪಡಿಸಿದ್ದ. ಕಾಸು ಕೊಟ್ಟು ಬಂದವರಿಗೆ ಅನಿಲ ಸೇವಿಸಿ ನಗುವವರನ್ನು ನೋಡುವ ಮೋಜು. ಅನಿಲ ಸೇವಿಸಿದ ಯುವಕನೊಬ್ಬ ಬೆಂಚಿಗೆ ಬಡಿದು ಕಾಲು ಗಾಯ ಮಾಡಿಕೊಂಡ. ರಕ್ತ ಸುರಿಯುತ್ತಿದ್ದರೂ ಅವನಿಗೆ ನೋವಿನ ಪರಿವೆಯೇ ಇರಲಿಲ್ಲ. ಪ್ರೇಕ್ಷಕರಲ್ಲಿ ಕೂತಿದ್ದ ದಂತವೈದ್ಯ ಹೊರೇಸ್ ವೆಲ್ಸ್‌ನ ತಲೆಯಲ್ಲಿ ಮಿಂಚು ಹೊಳೆಯಿತು. ಮಾರನೆಯ ದಿನವೇ ತಾನು ಅನಿಲ ಸೇವಿಸಿ, ಸಹೋದ್ಯೋಗಿಯಿಂದ ತನ್ನದೇ ದವಡೆಹಲ್ಲೊಂದನ್ನು ಕೀಳಿಸಿಕೊಂಡ. ನೋವಾಗಲಿಲ್ಲ.

1845ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯರು, ವಿದ್ಯಾರ್ಥಿಗಳ ಎದುರು ವೆಲ್ಸ್ ಇದನ್ನು ತೋರಿಸಲು ಹೋದ. ಅನಿಲ ಸಾಲದೆ ರೋಗಿ ಕಿರುಚಿದ. ಸಭೆ ಗೇಲಿ ಮಾಡಿತು. ಆ ಅವಮಾನದಿಂದ ವೆಲ್ಸ್ ಚೇತರಿಸಿಕೊಳ್ಳಲೇ ಇಲ್ಲ. ಮುಂದಿನ ವರ್ಷ ಅವನ ಹಳೆಯ ಜೊತೆಗಾರ ವಿಲಿಯಂ ಮಾರ್ಟನ್ ಈಥರ್ ಬಳಸಿ ಗೆದ್ದ. 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ಒಬ್ಬನ ಹಲ್ಲು ಕಿತ್ತ; ಅಕ್ಟೋಬರ್ 16ರಂದು ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅವನು ಕೊಟ್ಟ ಈಥರ್‌ನ ಬಲದಿಂದ ದೊಡ್ಡ ಶಸ್ತ್ರಚಿಕಿತ್ಸೆಯೇ ನಡೆಯಿತು. ವೆಲ್ಸ್ ಕ್ಲೋರೋಫಾರಂ ಚಟಕ್ಕೆ ಬಿದ್ದು, ಬುದ್ಧಿ ಕದಡಿ, 1848ರ ಜನವರಿಯಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡ. ಆಗ ಅವನಿಗೆ 33 ವರ್ಷ. ಅರಿವಳಿಕೆಯ ಶೋಧಕನೆಂಬ ಗೌರವ ಅಮೆರಿಕದ ದಂತವೈದ್ಯರ ಸಂಘದಿಂದ ಸಂದದ್ದು 1864ರಲ್ಲಿ, ಅವನು ಸತ್ತು 16 ವರ್ಷಗಳಾದ ಮೇಲೆ.

ರೋಗಿ ಎಚ್ಚರವಾಗಿದ್ದೇ ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವ ಅನುಕೂಲ ಬಂದದ್ದು ಅನಂತರ. 1884ರಲ್ಲಿ ಕೊಕೇನನ್ನು ದವಡೆಯ ನರಕ್ಕೆ ಚುಚ್ಚಿ ಜಡಗೊಳಿಸಬಹುದೆಂದು ಹಾಲ್‌ಸ್ಟೆಡ್ ತೋರಿಸಿದ. ಆದರೆ ಅದು ಚಟ ಹಿಡಿಸುವ ಮದ್ದು. 1905ರಲ್ಲಿ ಬಳಕೆಗೆ ಬಂದ ನೊವೊಕೇನ್ ಆ ಕಂಟಕ ತಪ್ಪಿಸಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಇನ್ನೂ ಉತ್ತಮವೆನಿಸಿತು. ಇಂದು ನಮ್ಮೂರಿನ ದಂತವೈದ್ಯರು ಚುಚ್ಚುವುದು ಸಾಮಾನ್ಯವಾಗಿ ಇದನ್ನೇ.

ಅತಿಯಾದಾಗ ಅಮೃತವೂ

ನೋವು ಹೋದದ್ದರಿಂದ ಇನ್ನೊಂದು ಅನರ್ಥ ಒದಗಿತು. ಕೀಳುವುದು ಸುಲಭವಾದಾಗ ಕೀಳಬಾರದ್ದನ್ನೂ ಕೀಳತೊಡಗಿದರು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ, ಬಾಯಿಯಲ್ಲಿ ಅಡಗಿದ ಕೊಳಕೇ ದೇಹದ ಅನೇಕ ರೋಗಗಳಿಗೆ ಮೂಲವೆಂದು ವಾದಿಸಿದ. ಅದರಲ್ಲಿ ಅಲ್ಪ ಸತ್ಯವಿತ್ತು. ಆದರೆ ವೈದ್ಯಲೋಕ ಅದನ್ನು ಮಂತ್ರದಂತೆ ಹಿಡಿಯಿತು. ಸಂಧಿವಾತಕ್ಕೂ ಹಲ್ಲು ಕಿತ್ತರು, ಸುಸ್ತಿಗೂ ಕಿತ್ತರು. ಅಮೆರಿಕದ ನ್ಯೂಜರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಹಲ್ಲಿನ ಸೋಂಕೇ ಕಾರಣವೆಂದು ನಂಬಿ ರೋಗಿಗಳ ಹಲ್ಲುಗಳನ್ನು ಸಾವಿರಗಟ್ಟಲೆ ಕೀಳಿಸಿದ. ಹಲ್ಲಿನಿಂದ ಗುಣ ಕಾಣದಿದ್ದಾಗ ಹೊಟ್ಟೆಯ ಅಂಗಗಳಿಗೂ ಕತ್ತರಿ ಹಾಕಿದ. ಅನೇಕರು ಸತ್ತರು. ಹುಚ್ಚು ಮಾತ್ರ ಇಳಿಯಲಿಲ್ಲ.

ಬ್ರಿಟನ್ನಿನಲ್ಲಿ ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಮುಂದೆ ಖರ್ಚಿನ ತಾಪತ್ರಯ ಬೇಡವೆಂದು ಎಳೆಯ ವಯಸ್ಸಿನಲ್ಲೇ ಎಲ್ಲ ಹಲ್ಲು ಕೀಳಿಸಿ ಕಟ್ಟುಹಲ್ಲು ಹಾಕಿಸಿಕೊಳ್ಳುತ್ತಿದ್ದವರು ಬಹಳ. ಮದುವಣಗಿತ್ತಿಗೆ ಇದೇ ಉಡುಗೊರೆಯಾಗಿತ್ತೆಂದು ಹೇಳುವುದುಂಟು. 1968ರ ಸಮೀಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರಲ್ಲಿ ಶೇಕಡಾ 37 ಮಂದಿಗೆ ಸ್ವಂತ ಹಲ್ಲು ಒಂದೂ ಇರಲಿಲ್ಲ. 2009ರ ಹೊತ್ತಿಗೆ ಇದು ಶೇಕಡಾ 6ಕ್ಕೆ ಇಳಿಯಿತು. ಹಲ್ಲು ಉಳಿಸುವುದು ಮೊದಲು, ಕೀಳುವುದು ಕೊನೆಗೆ ಎಂಬ ಪಾಠ ಹೀಗೆ ದುಬಾರಿ ಬೆಲೆ ತೆತ್ತು ಬಂದದ್ದು.

ನಮ್ಮಲ್ಲಿ

ಭಾರತದಲ್ಲಿ ಮೊದಲ ದಂತವೈದ್ಯ ಕಾಲೇಜು ಆರಂಭವಾದದ್ದು 1920ರಲ್ಲಿ, ಅಂದಿನ ಕಲ್ಕತ್ತದಲ್ಲಿ. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ ಅದರ ಸ್ಥಾಪಕರು. ಕಾಲೇಜಿನ ಖರ್ಚಿಗೆ ಅವರು ನಗರದಲ್ಲಿ 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ಅಂಗಡಿ ತೆರೆದರು. ಸಿಹಿ ಪಾನಕ ಮಾರಿದ ದುಡ್ಡಿನಿಂದ ಹಲ್ಲಿನ ವಿದ್ಯೆ ಬೆಳೆದದ್ದು ಚರಿತ್ರೆಯ ಒಂದು ತಮಾಷೆ! 1948ರ ದಂತವೈದ್ಯರ ಕಾಯಿದೆ ಈ ವೃತ್ತಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲೂ ಮಣಿಪಾಲದ್ದು 1965ರಲ್ಲೂ ಬಂದವು.

ಅದಕ್ಕೂ ಮೊದಲು, ಅನಂತರವೂ ಬಡವರ ಹಲ್ಲು ಕಿತ್ತವರು ಬೀದಿಬದಿಯವರು. ಚೀನಾದ ಹುಬೇ ಪ್ರಾಂತದಿಂದ ಬಂದ ಕುಟುಂಬಗಳು ಕಲ್ಕತ್ತವೂ ಸೇರಿ ಹಲವು ಊರುಗಳಲ್ಲಿ ಈ ಕಸುಬಿಗೆ ಹೆಸರಾಗಿದ್ದವು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬದಿಯಲ್ಲಿ ಕಟ್ಟುಹಲ್ಲುಗಳನ್ನು ಹರಡಿಕೊಂಡು ಕೂತವರು 2010ರ ಸುಮಾರಿನಲ್ಲೂ ಇದ್ದರು. ಅವರ ಬಳಿ ಹೋದವರನ್ನು ಹೀಗಳೆಯುವುದು ಸುಲಭ. ಆದರೆ ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದವನಿಗೆ ಇನ್ನೊಂದು ದಾರಿ ಎಷ್ಟು ದೂರವಿತ್ತು ಎಂಬುದನ್ನೂ ಯೋಚಿಸಬೇಕು. ಕರ್ನಾಟಕ ಸರ್ಕಾರ 2014-15ರಲ್ಲಿ ಬಡ ಹಿರಿಯರಿಗೆ ಉಚಿತ ಕಟ್ಟುಹಲ್ಲು ನೀಡುವ 'ದಂತ ಭಾಗ್ಯ' ಯೋಜನೆ ತಂದದ್ದು, ಹಲ್ಲಿಲ್ಲದ ಬಾಯಿಗಳು ನಮ್ಮಲ್ಲಿ ಎಷ್ಟಿವೆ ಎಂಬುದಕ್ಕೆ ಸಾಕ್ಷಿ.

ಯಾವಾಗ ಕೀಳಿಸಬೇಕು?

ಇಂದಿನ ವೈದ್ಯಶಾಸ್ತ್ರದ ಉತ್ತರ: ಉಳಿಸುವ ದಾರಿ ಇಲ್ಲವಾದಾಗ. ಹುಳುಕು ಆಳಕ್ಕಿಳಿದಿದ್ದರೂ ಹಲ್ಲಿನ ಗೋಡೆ ಗಟ್ಟಿಯಿದ್ದರೆ ಬೇರಿನ ನಾಳವನ್ನು ಸ್ವಚ್ಛಗೊಳಿಸಿ ತುಂಬುವ 'ರೂಟ್ ಕೆನಾಲ್' ಚಿಕಿತ್ಸೆಯಿಂದ ಉಳಿಸಬಹುದು. ಮತ್ತೆ ಕಟ್ಟಲಾಗದಷ್ಟು ಹಲ್ಲು ಕರಗಿದ್ದರೆ, ಬೇರು ಉದ್ದಕ್ಕೆ ಸೀಳಿದ್ದರೆ, ಒಸಡಿನ ರೋಗದಿಂದ ಸುತ್ತಲಿನ ಮೂಳೆ ಸವೆದು ಹಲ್ಲು ತೂಗಾಡುತ್ತಿದ್ದರೆ ಕೀಳುವುದೇ ಲೇಸು. ವಕ್ರದಂತ ಸರಿಪಡಿಸಲು ಜಾಗ ಬೇಕಾದಾಗ, ದವಡೆಯ ಭಾಗಕ್ಕೆ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆ ಕೊಡುವ ಮುನ್ನ ಕೆಟ್ಟ ಹಲ್ಲಿದ್ದಾಗಲೂ ಕೀಳಬೇಕಾಗುತ್ತದೆ.

ಬುದ್ಧಿಹಲ್ಲಿನ ವಿಷಯದಲ್ಲಿ ಅಭಿಪ್ರಾಯ ಬದಲಾಗಿದೆ. ಮುಂದೆ ತೊಂದರೆ ಕೊಟ್ಟೀತೆಂದು ಮೊದಲೇ ಕಿತ್ತುಬಿಡುವ ರೂಢಿ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ರೋಗವಿಲ್ಲದ ಬುದ್ಧಿಹಲ್ಲನ್ನು ಸುಮ್ಮನೆ ಕೀಳಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2000ದಲ್ಲಿ ಸೂಚಿಸಿತು. ಅಡ್ಡಲಾಗಿ ಸಿಕ್ಕಿಕೊಂಡು ಪದೇ ಪದೇ ಕೀವಾಗುವ, ಪಕ್ಕದ ಹಲ್ಲನ್ನು ಕೆಡಿಸುವ ಬುದ್ಧಿಹಲ್ಲನ್ನು ಮಾತ್ರ ಉಳಿಸಿಕೊಂಡು ಪ್ರಯೋಜನವಿಲ್ಲ.

ಕೀಳಿಸುವ ಮೊದಲು ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿಗಳಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಗರ್ಭಿಣಿಯಾಗಿರುವುದು, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧ, ಯಾವುದಾದರೂ ಮದ್ದು ಒಗ್ಗದಿರುವುದು ಇವನ್ನೆಲ್ಲ ಮುಚ್ಚಿಡಬಾರದು. ಹಲ್ಲು ಕೀಳಿಸಬೇಕೆಂದು ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ.

ಕಿತ್ತ ಮೇಲೆ

ಸುಶ್ರುತ ಹಲ್ಲಿನ ರೋಗಿಗೆ ಪಥ್ಯವನ್ನೂ ಹೇಳಿದ್ದಾನೆ: ಹುಳಿ ಹಣ್ಣು, ತಣ್ಣೀರು, ಒಣ ಅನ್ನ, ಹಲ್ಲುಜ್ಜುವುದು, ಬಹಳ ಗಟ್ಟಿಯಾದ ತಿನಿಸು ಇವನ್ನು ಬಿಡಬೇಕು. ತಣ್ಣೀರಿನ ವಿಷಯ ಬಿಟ್ಟರೆ ಇಂದಿನ ಸಲಹೆ ಬಹಳ ದೂರವೇನಿಲ್ಲ. ಅಂದು ತಿಳಿಯದಿದ್ದ ಕಾರಣ ಮಾತ್ರ ಇಂದು ತಿಳಿದಿದೆ.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ. ಅದರ ಕೆಳಗೇ ಹೊಸ ಮಾಂಸ, ಹೊಸ ಮೂಳೆ ಬೆಳೆಯಬೇಕು. ವೈದ್ಯರ ಕಟ್ಟಳೆಗಳೆಲ್ಲ ಈ ಹೆಪ್ಪನ್ನು ಕಾಪಾಡುವುದಕ್ಕೇ. ಇಟ್ಟ ಬಟ್ಟೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಹಿಡಿಯಬೇಕು. ಪದೇ ಪದೇ ತೆಗೆದು ನೋಡಬಾರದು. ಉಗುಳಬಾರದು, ನುಂಗಬೇಕು. ಸ್ಟ್ರಾ ಹಾಕಿ ಹೀರಬಾರದು. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು. ಮಾರನೆಯ ದಿನದಿಂದ ಉಗುರುಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಹೊರಬಿಡಬೇಕು. ಉಳಿದ ಹಲ್ಲುಗಳನ್ನು ಉಜ್ಜಬಹುದು, ಗಾಯದ ಜಾಗ ಬಿಡಬೇಕು.

ಊತ ಇಳಿಯಲು ಮೊದಲ ದಿನ ಕೆನ್ನೆಯ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಬಹುದು. ಆರಿದ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ ಒಳ್ಳೆಯದು. ಸುಡುವ ಕಾಫಿ, ಚಕ್ಕುಲಿ, ಮಂಡಕ್ಕಿ, ಖಾರದ ಉಪ್ಪಿನಕಾಯಿ ಬೇಡ. ಬೀಡಿ, ಸಿಗರೇಟು, ಎಲೆಯಡಿಕೆ, ಹೊಗೆಸೊಪ್ಪು ಮುಟ್ಟಲೇಬಾರದು. ನೋವಿಗೆಂದು ಗುಳಿಗೆ ನಶ್ಯ ಒತ್ತುವುದು, ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಡುವುದು ನಮ್ಮಲ್ಲಿ ಉಂಟು. ಎರಡೂ ಗಾಯವನ್ನು ಸುಡುತ್ತವೆ.

ಹೆಪ್ಪು ಕಳಚಿದರೆ ಮೂಳೆ ಬತ್ತಲಾಗಿ ಎರಡು-ಮೂರು ದಿನದ ಬಳಿಕ ಕಿವಿಯವರೆಗೂ ಸೆಳೆಯುವ ನೋವು ಏಳುತ್ತದೆ. ಇದಕ್ಕೆ 'ಡ್ರೈ ಸಾಕೆಟ್' ಎಂಬ ಹೆಸರನ್ನು 1896ರಲ್ಲಿ ಅಮೆರಿಕದ ಕ್ರಾಫರ್ಡ್ ಕೊಟ್ಟ. ಸೇದುವವರಲ್ಲಿ ಇದು ಹೆಚ್ಚು. ವೈದ್ಯರು ಗುಳಿಯನ್ನು ತೊಳೆದು ಮದ್ದು ತುಂಬಿದರೆ ನೋವು ಇಳಿಯುತ್ತದೆ. ಸಾಮಾನ್ಯವಾಗಿ ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಒಸಡು ಒಂದೆರಡು ವಾರದಲ್ಲಿ ಕೂಡತೊಡಗುತ್ತದೆ, ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು. ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಊತ ಏರುತ್ತಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮತ್ತೆ ಕಣ್ಣಿನ ಮಾತು

ಕೊನೆಗೆ ಮೊದಲ ಪ್ರಶ್ನೆಗೆ ಬರೋಣ. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ನೋಟದ ನರ ಎರಡನೆಯದು. ಹಲ್ಲುಗಳಿಗೆ ಹೋಗುವುದು ಐದನೆಯ ನರದ ಕವಲುಗಳು. ಎರಡೂ ಬೇರೆ ಬೇರೆ. ಐದನೆಯ ನರದ ಇನ್ನೊಂದು ಕವಲು ಕಣ್ಣಿನ ಸುತ್ತಲಿನ ಚರ್ಮಕ್ಕೂ ಹೋಗುವುದರಿಂದ ಮೇಲಿನ ಹಲ್ಲು ನೋವಾದಾಗ ಕಣ್ಣೂ ಸೆಳೆದಂತಾಗುತ್ತದೆ, ಅಷ್ಟೆ. ಮದ್ದು ಚುಚ್ಚಿದಾಗ ಅಪರೂಪಕ್ಕೆ ಕಣ್ಣು ಸ್ವಲ್ಪ ಹೊತ್ತು ಮಂಜಾಗುವುದುಂಟು; ಮದ್ದು ಇಳಿದಂತೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. ಹಲ್ಲು ಕಿತ್ತದ್ದರಿಂದ ದೃಷ್ಟಿ ಹೋಗುವುದಿಲ್ಲ.

ನಿಜವಾದ ಅಪಾಯ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ಕೀಳಬೇಕಾದ ಕೊಳೆತ ಹಲ್ಲನ್ನು ಹಾಗೆಯೇ ಬಿಟ್ಟರೆ ಅದರ ಕೀವು ಸೈನಸ್ಸಿಗೆ, ಅಲ್ಲಿಂದ ಕಣ್ಣಿನ ಗೂಡಿಗೆ, ಕೆಲವೊಮ್ಮೆ ಮಿದುಳಿನ ಬುಡದವರೆಗೂ ಹಬ್ಬಬಲ್ಲದು. ಕೆಳಗಿನ ಹಲ್ಲಿನ ಸೋಂಕು ಗಂಟಲಿಗಿಳಿದು ಉಸಿರು ಕಟ್ಟಿಸುವ ಮಾರಕ ಸ್ಥಿತಿಯನ್ನು ಜರ್ಮನಿಯ ಲುಡ್ವಿಗ್ 1836ರಲ್ಲೇ ವರ್ಣಿಸಿದ್ದಾನೆ. ಇಂದಿಗೂ ಆ ರೋಗ ಅವನ ಹೆಸರಿನಿಂದಲೇ ಇದೆ, ಇಂದಿಗೂ ಜೀವ ತೆಗೆಯುತ್ತದೆ.

ಸುಶ್ರುತ ತಪ್ಪು ಹೇಳಲಿಲ್ಲ. ತನ್ನ ಕಾಲದ ಉಪಕರಣ, ತನ್ನ ಕಾಲದ ಅರಿವಿಗೆ ತಕ್ಕ ವಿವೇಕದ ಮಾತನ್ನೇ ಹೇಳಿದ. ಕಾರಣ ಕಳಚಿಹೋದ ಮೇಲೂ ಮಾತು ಮಾತ್ರ ಬಾಯಿಂದ ಬಾಯಿಗೆ ದಾಟಿ ಉಳಿದುಕೊಂಡಿತು. ಮನೆಯಲ್ಲಿ ಯಾರಾದರೂ ಕೆನ್ನೆ ಹಿಡಿದು ಕೂತಾಗ 'ಕಣ್ಣು ಹೋದೀತು' ಎಂದು ತಡೆಯುವ ಬದಲು 'ಕಣ್ಣಿಗೆ ಬಂದೀತು, ಬೇಗ ತೋರಿಸು' ಎಂದು ಹೇಳಿದರೆ ಹಿರಿಯರ ಕಾಳಜಿಯೂ ಉಳಿಯುತ್ತದೆ, ಕಿರಿಯರ ಕಣ್ಣೂ ಉಳಿಯುತ್ತದೆ. ಬೇಗ ತೋರಿಸಿದರೆ ಅನೇಕ ಸಲ ಹಲ್ಲೂ ಉಳಿಯುತ್ತದೆ.